ಎರ್ನ್ ಸರೋವರದ ಸೀಮೆಯೂ ಗಡಿಯ ಗೆರೆಯೂ

ನಕಾಶೆಯ ಮೇಲೆ ಗೆರೆಯನ್ನೆಳೆಯುವುದು ಬಹು ಸುಲಭವಾದ ಕಾರ್ಯ. ಒಂದು ಮೇಜು, ಒಂದು ಸೀಸದಕಡ್ಡಿ, ಆ ಗೆರೆಯ ಎರಡೂ ಮಗ್ಗುಲಿಗೆ ಬಾಳುವ ಜನರಿಂದ ಸಾಕಷ್ಟು ದೂರ, ಇಷ್ಟಿದ್ದರೆ ಯಾವ ಅಧಿಕಾರಿಯಾದರೂ ಅದನ್ನು ಮಾಡಬಲ್ಲನು. ಆ ಗೆರೆಯನ್ನು ನೆಲದ ಮೇಲಿಳಿಸಿ ಅದರೊಡನೆ ಸಂಸಾರ ನಡೆಸುವುದು ಮಾತ್ರ ತಲೆತಲಾಂತರದ ಕಷ್ಟ. ಈ ಮಾತಿಗೆ ಪ್ರಮಾಣವನ್ನು ಹುಡುಕಿಕೊಂಡು ಕಡಲಾಚೆಗೆ ಹೋಗಬೇಕೆ ಎಂದು ಕನ್ನಡಿಗರು ಕೇಳಿಯಾರು. ಆದರೆ ತಮ್ಮ ಮನೆಯ ಗೋಡೆಯ ಬಿರುಕು ದಿನವೂ ಕಣ್ಣಿಗೆ ಬಿದ್ದು ರೂಢಿಯಾಗಿರುತ್ತದೆ. ಅನ್ಯರ ಗೋಡೆಯನ್ನು ನೋಡಿದಾಗಲೇ ಬಿರುಕು ಬಿಡುವ ಕಾರಣ ವಿಶದವಾಗುತ್ತದೆ. ಆದುದರಿಂದ ಐರ್ಲಂಡದ ಉತ್ತರಭಾಗದಲ್ಲಿರುವ ಫರ್ಮಾನಾ ಎಂಬ ಸಣ್ಣ ಸೀಮೆಯ ವೃತ್ತಾಂತವನ್ನು ನಮ್ಮ ವಾಚಕರ ಮುಂದೆ ಇಡುವೆವು. ಅದು ದೊಡ್ಡ ಪಟ್ಟಣಗಳಿಲ್ಲದ, ಕಾರಖಾನೆಗಳ ಸದ್ದು ವಿರಳವಾದ, ದನಕರುಗಳನ್ನೂ ಹುಲ್ಲುಗಾವಲುಗಳನ್ನೂ ನಂಬಿ ಬದುಕುವ ಒಕ್ಕಲಿಗರ ನಾಡು. ಅದರ ಚರಿತ್ರವನ್ನು ಬರೆದುದು ಮಾತ್ರ ಬಹುಮಟ್ಟಿಗೆ ಹೊರಗಿನವರ ಲೇಖನಿಯೇ.

ಮೊದಲು ನೆಲದ ಮಾತು. ಫರ್ಮಾನಾ ಒಂದು ಕೌಂಟಿ, ಎಂದರೆ ನಮ್ಮ ಜಿಲ್ಲೆಯಂಥದು. ಆದರೆ ವಿಸ್ತಾರದಲ್ಲಿ ನಮ್ಮ ಒಂದು ದೊಡ್ಡ ತಾಲೂಕಿನಷ್ಟು. ಸುಮಾರು ೭೦೦ ಚದರ ಮೈಲುಗಳ ಈ ಸೀಮೆಯಲ್ಲಿ ಇಂದಿಗೂ ಅರುವತ್ತು ಸಾವಿರಕ್ಕಿಂತ ತುಸು ಹೆಚ್ಚು ಜನರಷ್ಟೇ ಇದ್ದಾರೆ. ಆಗ್ನೇಯದಿಂದ ವಾಯವ್ಯಕ್ಕೆ ಎರ್ನ್ ನದಿಯು ಇದನ್ನು ನಟ್ಟನಡುವೆ ಸೀಳಿ ಹರಿಯುತ್ತದೆ. ಹರಿಯುತ್ತದೆ ಎನ್ನುವುದಕ್ಕಿಂತ ಹಬ್ಬಿ ನಿಲ್ಲುತ್ತದೆ ಎನ್ನುವುದೇ ಸರಿ. ಕ್ಯಾವನ್ ಸೀಮೆಯಲ್ಲಿ ಹುಟ್ಟಿದ ಆ ನದಿಯು ಇಲ್ಲಿ ಎರಡು ಸರೋವರಗಳಾಗುತ್ತದೆ. ಮೇಲಣ ಎರ್ನ್ ದಕ್ಷಿಣಕ್ಕಿದೆ, ಕೆಳಗಣ ಎರ್ನ್ ಉತ್ತರಕ್ಕಿದೆ. ನಕಾಶೆಯನ್ನು ಗೋಡೆಗೆ ತೂಗಹಾಕಿ ನೋಡುವ ಪರದೇಶಿಗೆ ಈ ಹೆಸರುಗಳು ತಲೆಕೆಳಗಾಗಿ ತೋರುತ್ತವೆ. ನೀರು ಯಾವ ಕಡೆಗೆ ಇಳಿಯುತ್ತದೆಂಬುದನ್ನು ಬಲ್ಲ ನಾಡಿಗನಿಗೆ ಅದರಲ್ಲಿ ಸೋಜಿಗವೇನೂ ಇಲ್ಲ.

ಈ ಸರೋವರಗಳಲ್ಲಿ ನೂರೈವತ್ತಕ್ಕೂ ಮಿಕ್ಕಿ ದ್ವೀಪಗಳಿವೆ. ಹಿಮಯುಗದ ನೀರ್ಗಲ್ಲು ಸರಿದುಹೋಗುವಾಗ ಬಿಟ್ಟ ಸಣ್ಣ ಸಣ್ಣ ಮಣ್ಣಿನ ದಿಬ್ಬಗಳು ನಾಡಿನ ತುಂಬ ಹರಡಿವೆ. ದಂಡೆಯಲ್ಲಿದ್ದವು ದಿಬ್ಬವೆನಿಸಿದುವು, ನೀರಿನಲ್ಲಿ ನಿಂತವು ದ್ವೀಪವೆನಿಸಿದುವು. ಮಳೆಯು ಹೇರಳ, ಮಣ್ಣು ಜಿಗುಟು, ನೀರು ಬಸಿಯುವುದು ನಿಧಾನ. ವರ್ಷದಲ್ಲಿ ಆರು ತಿಂಗಳು ಸರೋವರವು ಫರ್ಮಾನಾದಲ್ಲಿರುತ್ತದೆ, ಇನ್ನಾರು ತಿಂಗಳು ಫರ್ಮಾನಾ ಸರೋವರದಲ್ಲಿರುತ್ತದೆ ಎಂದು ಅಲ್ಲಿಯ ಜನರೇ ನಗೆಯಾಡುವುದುಂಟು. ಎರಡು ಸರೋವರಗಳ ನಡುವಣ ದ್ವೀಪದ ಮೇಲೆ ಸೀಮೆಯ ಮುಖ್ಯ ಪಟ್ಟಣವಾದ ಎನ್ನಿಸ್ಕಿಲ್ಲನ್ ಕುಳಿತಿದೆ. ನೈರುತ್ಯದ ಅಂಚಿನಲ್ಲಿ ೬೬೫ ಮೀಟರು ಎತ್ತರದ ಕುಲ್ಕಾ ಬೆಟ್ಟವೂ ಅದರ ಬುಡದಲ್ಲಿ ಸುಣ್ಣಗಲ್ಲಿನ ಗವಿಗಳೂ ಇವೆ. ಕೆಳಗಣ ಸರೋವರದ ನೀರು ಬೆಲೀಕ್ ಎಂಬ ಊರಿನ ಬಳಿ ಮತ್ತೆ ನದಿಯಾಗಿ, ಕೆಲವೇ ಮೈಲುಗಳಲ್ಲಿ ನೂರಡಿಗೂ ಹೆಚ್ಚಾಗಿ ಧುಮುಕಿ, ಡನಿಗಾಲ್ ಸೀಮೆಯ ಬ್ಯಾಲಿಶಾನನ್ ಎಂಬಲ್ಲಿ ಕಡಲನ್ನು ಸೇರುತ್ತದೆ. ಆ ಕೊನೆಯ ಕೆಲವು ಮೈಲುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅವುಗಳಿಂದಲೇ ಕೆಲಸವಿದೆ.

ಪೂರ್ವಕಾಲದಲ್ಲಿ ಈ ನೀರೇ ರಾಜಮಾರ್ಗ. ಕಾಡು ದಟ್ಟವಾಗಿ, ನೆಲ ಜೌಗಾಗಿದ್ದ ದಿನಗಳಲ್ಲಿ ದೋಣಿಯೇ ವಾಹನ. ಆರನೆಯ ಶತಮಾನದಲ್ಲಿ ಮೊಲಾಷ್ ಎಂಬ ಸಂತನು ಡೆವಿನಿಷ್ ದ್ವೀಪದಲ್ಲಿ ಮಠವನ್ನು ಸ್ಥಾಪಿಸಿದನು. ಅಲ್ಲಿಯ ದುಂಡು ಗೋಪುರವು ಈಗಲೂ ನೆಟ್ಟಗೆ ನಿಂತಿದೆ. ಹದಿಮೂರನೆಯ ಶತಮಾನದ ಕೊನೆಯಿಂದ ಮಗ್ವಾಯರ್ ಮನೆತನದವರು ಈ ನಾಡನ್ನು ಆಳಿದರು. ಅವರ ಕೋಟೆ ಎನ್ನಿಸ್ಕಿಲ್ಲನ್ನಿನಲ್ಲಿ ನೀರಿನ ಅಂಚಿಗೇ ಇತ್ತು. ಅವರ ಸೈನ್ಯ ಸಾಗುತ್ತಿದ್ದುದು ದೋಣಿಗಳಲ್ಲಿ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಮೇಲಣ ಎರ್ನ್ ಸರೋವರದ ಒಂದು ದ್ವೀಪದಲ್ಲಿ ಕುಳಿತು ಕಹಲ್ ಮಕ್‌ಮಾನಸ್ ಎಂಬ ವಿದ್ವಾಂಸನು ತನ್ನ ಲಿಪಿಕಾರರ ಕೈಯಿಂದ ಅಲ್ಸ್ಟರ್ ಪ್ರಾಂತದ ವರ್ಷಾನುವರ್ಷದ ಬಖರನ್ನು ಬರೆಸಿದನು. ೧೪೯೮ರಲ್ಲಿ ಅವನು ಸಿಡುಬಿನಿಂದ ತೀರಿಕೊಂಡನೆಂಬ ಸಂಗತಿಯೂ ಅದೇ ಬಖರಿನಲ್ಲಿ ದಾಖಲಾಗಿದೆ. ಐರ್ಲಂಡದ ಇತಿಹಾಸಕ್ಕೆ ಆಧಾರವಾದ ಮುಖ್ಯ ಗ್ರಂಥಗಳಲ್ಲೊಂದು ಇಂಥ ನಡುಗಡ್ಡೆಯಲ್ಲಿ ರೂಪುಗೊಂಡಿತೆಂದರೆ ಈ ನಾಡನ್ನು ಮೂಲೆಯ ಕಾಡುಸೀಮೆ ಎನ್ನುವವರ ಬಾಯಿ ಕಟ್ಟಬೇಕು.

ಈ ನಾಡಿಗೆ 'ಕೌಂಟಿ' ಎಂಬ ಚೌಕಟ್ಟು ಬಂದುದು ಎಲಿಝಬೆತ್ ರಾಣಿಯ ಕಾಲದಲ್ಲಿ, ಹದಿನಾರನೆಯ ಶತಮಾನದ ಕೊನೆಯ ಪಾದದಲ್ಲಿ. ಅಲ್ಸ್ಟರನ್ನು ಹದ್ದಿನಲ್ಲಿಡಬೇಕು, ಕೋರ್ಟುಗಳನ್ನು ನಡೆಯಿಸಬೇಕು, ಕಂದಾಯವನ್ನು ಎತ್ತಬೇಕು ಎಂಬ ಆಡಳಿತದ ಅನುಕೂಲಕ್ಕಾಗಿ ಇಂಗ್ಲಿಷ್ ಅಧಿಕಾರಿಗಳು ಮಾಡಿದ ವಿಂಗಡಣೆಯದು. ಸಾವಿರಾರು ಮೈಲುಗಳ ಆಚೆ ನಮ್ಮಲ್ಲಿಯೂ ಅದೇ ಜನರು ಕಲೆಕ್ಟರರ ಸುತ್ತಾಟಕ್ಕೆ ಅನುಕೂಲವಾಗುವಂತೆ ಜಿಲ್ಲೆಗಳನ್ನು ಕತ್ತರಿಸಿದ್ದು ವಾಚಕರಿಗೆ ಗೊತ್ತೇ ಇದೆ. ಆ ಚೌಕಟ್ಟು ಕಾಗದದಿಂದ ನೆಲಕ್ಕಿಳಿಯಬೇಕಾದರೆ ಮಗ್ವಾಯರರು ಅಳಿಯಬೇಕಾಯಿತು. ೧೫೯೪ರಲ್ಲಿ ಇಂಗ್ಲಿಷರು ಎನ್ನಿಸ್ಕಿಲ್ಲನ್ ಕೋಟೆಯನ್ನು ಹಿಡಿದರು. ಮಗ್ವಾಯರರು ಅದನ್ನು ಮರಳಿ ಪಡೆದರು. ೧೬೦೦ರಲ್ಲಿ ಹ್ಯೂ ಮಗ್ವಾಯರನು ಕಾದಾಟದಲ್ಲಿ ಮಡಿದನು. ೧೬೦೭ರಲ್ಲಿ ಅಲ್ಸ್ಟರಿನ ಗೇಲಿಕ್ ನಾಯಕರು ದೇಶಬಿಟ್ಟು ಯುರೋಪ ಖಂಡಕ್ಕೆ ಹೋದಾಗ ಅವರೊಡನೆ ಕುಕೊನಾಕ್ಟ್ ಮಗ್ವಾಯರನೂ ಹೋದನು. ಒಡೆಯರಿಲ್ಲದ ಆ ಭೂಮಿಯಲ್ಲಿ ೧೬೧೦ರಿಂದ ಇಂಗ್ಲಂಡ ಸ್ಕಾಟ್ಲಂಡಗಳ ಪ್ರಾಟೆಸ್ಟಂಟರನ್ನು ತಂದು ನೆಲೆಗೊಳಿಸಲಾಯಿತು. ಎನ್ನಿಸ್ಕಿಲ್ಲನ್ ವಿಲಿಯಂ ಕೋಲ್ ಎಂಬ ದಳಪತಿಯ ಕೈಸೇರಿತು. ೧೬೮೯ರ ಯುದ್ಧದಲ್ಲಿ ಈ ಪಟ್ಟಣದವರು ವಿಲಿಯಂ ರಾಜನ ಪಕ್ಷವಹಿಸಿ ಕಾದಿದರು. ಅವರ ದಳಗಳೇ ಮುಂದೆ ಬ್ರಿಟಿಷ್ ಸೈನ್ಯದಲ್ಲಿ ಇನ್ನಿಸ್ಕಿಲಿಂಗ್ ಪಲ್ಟನುಗಳೆನಿಸಿದುವು. ೧೮೮೧ರಲ್ಲಿ ಆ ಕಾಲಾಳು ಪಲ್ಟನಿನೊಡನೆ ಬೆಸೆಯಲ್ಪಟ್ಟ ಇನ್ನೊಂದು ಪಲ್ಟನು ನಮ್ಮ ಮದರಾಸಿನ ಕಂಪನಿ ಸರಕಾರದ ಯುರೋಪಿಯನ್ ದಂಡೇ ಆಗಿತ್ತೆಂಬುದು ಸಾಮ್ರಾಜ್ಯದ ಉದ್ದಗಲವನ್ನು ತೋರಿಸುವ ಸಣ್ಣ ಸಂಗತಿ.

ಹೀಗೆ ಒಂದೇ ಸರೋವರದ ದಂಡೆಯಲ್ಲಿ ಎರಡು ಜನಾಂಗಗಳು ಬೇರೂರಿದುವು. ಒಬ್ಬರಿಗೆ ಇದು ಕಸಿದುಕೊಳ್ಳಲ್ಪಟ್ಟ ತಾಯಿನೆಲ. ಇನ್ನೊಬ್ಬರಿಗೆ ಅಜ್ಜ ಮುತ್ತಜ್ಜಂದಿರು ಹಸನುಮಾಡಿ ಕಾಪಾಡಿಕೊಂಡ ಹೊಲ. ೧೮೪೫ರಲ್ಲಿ ಮೊದಲಾದ ಆಲೂಗಡ್ಡೆಯ ರೋಗವೂ ಅದರ ಹಿಂದೆಯೇ ಬಂದ ಮಹಾಕ್ಷಾಮವೂ ಇಬ್ಬರನ್ನೂ ಮುಟ್ಟಿದರೂ ಬಡವರನ್ನು ಹೆಚ್ಚಾಗಿ ನುಂಗಿದುವು. ೧೮೪೧ರಲ್ಲಿ ೧,೫೬,೦೦೦ದಷ್ಟಿದ್ದ ಜನಸಂಖ್ಯೆ ೧೮೫೧ರಲ್ಲಿ ೧,೧೬,೦೦೦ಕ್ಕೆ ಇಳಿಯಿತು. ವಲಸೆಯ ಹೊಳೆಯು ಅಲ್ಲಿಗೇ ನಿಲ್ಲದೆ ೧೯೧೧ರ ಖಾನೇಸುಮಾರಿಯ ವೇಳೆಗೆ ಅದು ೬೨,೦೦೦ದ ಒಳಗೆ ಬಂದಿತು. ಆ ಖಾನೇಸುಮಾರಿಯಂತೆ ನೂರಕ್ಕೆ ಐವತ್ತಾರು ಮಂದಿ ಕೆಥೊಲಿಕರು, ಉಳಿದವರು ಬಹುತೇಕ ಪ್ರಾಟೆಸ್ಟಂಟರು. ಕೆಥೊಲಿಕರು ಬಹುಮಟ್ಟಿಗೆ ಅಖಂಡ ಐರ್ಲಂಡದ ಸ್ವರಾಜ್ಯವನ್ನು ಬಯಸಿದವರು. ಪ್ರಾಟೆಸ್ಟಂಟರು ಬಹುಮಟ್ಟಿಗೆ ಬ್ರಿಟನ್ನಿನ ಸಂಯೋಗವನ್ನು ಬಯಸಿದವರು.

ಇಂಥ ಸೀಮೆಯನ್ನು ಯಾವ ಮಗ್ಗುಲಿಗೆ ಹಾಕಬೇಕು? ಜನರನ್ನು ಕೇಳಬೇಕಾಗಿದ್ದ ಈ ಪ್ರಶ್ನೆಗೆ ಲಂಡನ್ನಿನ ಪಾರ್ಲಿಮೆಂಟು ಜನರನ್ನು ಕೇಳದೆಯೇ ಉತ್ತರ ಕೊಟ್ಟಿತು. ೧೯೨೦ರ ಕಾಯದೆಯಂತೆ ಆರು ಕೌಂಟಿಗಳನ್ನು ಕತ್ತರಿಸಿ ಉತ್ತರ ಐರ್ಲಂಡವೆಂಬ ಹೊಸ ಘಟಕವನ್ನು ಮಾಡಲಾಯಿತು. ಅಲ್ಸ್ಟರ್ ಪ್ರಾಂತದಲ್ಲಿ ಇದ್ದುದು ಒಂಬತ್ತು ಕೌಂಟಿಗಳು. ಒಂಬತ್ತನ್ನೂ ಇಟ್ಟುಕೊಂಡರೆ ಎರಡು ಪಕ್ಷಗಳೂ ಹೆಚ್ಚುಕಡಿಮೆ ಸಮಬಲವಾಗುತ್ತಿದ್ದುವು. ಸಂಯೋಗವಾದಿಗಳಿಗೆ ಬಹುಮತವಿದ್ದ ನಾಲ್ಕನ್ನೇ ಇಟ್ಟುಕೊಂಡರೆ ಘಟಕವು ಬಾಳಲಾರದಷ್ಟು ಕಿರಿದಾಗುತ್ತಿತ್ತು. ಆದುದರಿಂದ ಫರ್ಮಾನಾ, ಟಿರೋನ್ ಎಂಬ ಎರಡು ಕೌಂಟಿಗಳನ್ನು, ಅಲ್ಲಿ ಬಹುಮತವು ಬೇರೆ ಕಡೆಗಿದ್ದರೂ, ಲೆಕ್ಕ ಸರಿಹೋಗುವಂತೆ ಸೇರಿಸಿದರು. ಫರ್ಮಾನಾದ ಸುತ್ತ ಐದು ಕೌಂಟಿಗಳಿವೆ: ಡನಿಗಾಲ್, ಲೀಟ್ರಿಮ್, ಕ್ಯಾವನ್, ಮೊನಹನ್, ಟಿರೋನ್. ಇವುಗಳಲ್ಲಿ ಮೊದಲಿನ ನಾಲ್ಕೂ ಗಡಿಯ ಆಚೆಗೆ ಹೋದುವು. ಕಂದಾಯದ ಅನುಕೂಲಕ್ಕೆಂದು ಮೂರು ಶತಮಾನಗಳ ಹಿಂದೆ ಎಳೆದ ಗೆರೆಯು ಯಾರ ಸಮ್ಮತಿಯೂ ಇಲ್ಲದೆ ಒಂದೇ ಕಾಯದೆಯಿಂದ ಎರಡು ರಾಜ್ಯಗಳ ಎಲ್ಲೆಯಾಯಿತು. ನಮ್ಮ ಆಕ್ಷೇಪದ ತಿರುಳು ಇಲ್ಲಿಯೇ ಇದೆ. ಒಂದು ಕೆಲಸಕ್ಕಾಗಿ ಎಳೆದ ಗೆರೆಯನ್ನು ಬೇರೊಂದು ಕೆಲಸಕ್ಕೆ ಹಚ್ಚುವವರು ತಮ್ಮದು ಹೊಸ ಗೆರೆಯಲ್ಲವೆಂದು ಹೇಳಿಕೊಂಡು ಹೊಣೆಯಿಂದ ನುಣುಚಿಕೊಳ್ಳುತ್ತಾರೆ.

ಫರ್ಮಾನಾದವರು ಸುಮ್ಮನಿರಲಿಲ್ಲ. ೧೯೨೧ರ ಡಿಸೆಂಬರಿನಲ್ಲಿ ಅಲ್ಲಿಯ ಕೌಂಟಿ ಕೌನ್ಸಿಲು ಡಬ್ಲಿನ್ನಿನ ರಾಷ್ಟ್ರಸಭೆಗೆ ತನ್ನ ನಿಷ್ಠೆಯನ್ನು ಗೊತ್ತುವಳಿಯಿಂದ ಸಾರಿತು. ಪೋಲೀಸರು ಕೌನ್ಸಿಲಿನ ಕಚೇರಿಯನ್ನು ವಶಪಡಿಸಿಕೊಂಡರು, ಕೌನ್ಸಿಲನ್ನು ವಿಸರ್ಜಿಸಲಾಯಿತು. ಅದೇ ತಿಂಗಳಿನಲ್ಲಿ ಸಹಿಯಾದ ಇಂಗ್ಲಂಡ-ಐರ್ಲಂಡ ಒಪ್ಪಂದದ ೧೨ನೆಯ ಕಲಮು ಒಂದು ಆಸೆಯನ್ನು ಹುಟ್ಟಿಸಿತು: ನಿವಾಸಿಗಳ ಇಚ್ಛೆಗೆ ಅನುಸಾರವಾಗಿ, ಆದರೆ ಆರ್ಥಿಕ ಹಾಗೂ ಭೌಗೋಲಿಕ ಪರಿಸ್ಥಿತಿಗಳಿಗೆ ಒಪ್ಪುವಷ್ಟರ ಮಟ್ಟಿಗೆ, ಗಡಿಯನ್ನು ಒಂದು ಆಯೋಗವು ನಿರ್ಣಯಿಸಬೇಕು ಎಂದು. ದಕ್ಷಿಣ ಆಫ್ರಿಕದ ನ್ಯಾಯಾಧೀಶ ರಿಚರ್ಡ್ ಫೀದಮ್ ಅಧ್ಯಕ್ಷ. ಡಬ್ಲಿನ್ನಿನ ಪರವಾಗಿ ಓವನ್ ಮ್ಯಾಕ್‌ನೀಲ್. ಬೆಲ್‌ಫಾಸ್ಟಿನವರು ಪ್ರತಿನಿಧಿಯನ್ನು ಕಳಿಸಲು ಒಪ್ಪದ ಕಾರಣ ಅವರ ಪರವಾಗಿ ಬ್ರಿಟಿಷ್ ಸರಕಾರವೇ ನೇಮಿಸಿದ ಫಿಶರ್. ಅಧ್ಯಕ್ಷರು 'ಆದರೆ' ಎಂಬ ಮಾತಿಗೆ ಇಚ್ಛೆಗಿಂತ ಹೆಚ್ಚು ತೂಕ ಕೊಟ್ಟರು. ಇಡೀ ಸೀಮೆಗಳನ್ನು ಮರುಹಂಚುವ ಬದಲು ಅಂಚುಗಳನ್ನು ತಿದ್ದುವುದೇ ತಮ್ಮ ಕೆಲಸವೆಂದು ಬಗೆದರು. ೧೯೨೫ರ ನವೆಂಬರಿನಲ್ಲಿ ವರದಿಯ ಸಾರವು ಲಂಡನ್ನಿನ ಒಂದು ವೃತ್ತಪತ್ರದಲ್ಲಿ ಬಯಲಾಯಿತು. ಮ್ಯಾಕ್‌ನೀಲ್ ರಾಜೀನಾಮೆ ಕೊಟ್ಟರು. ಡಿಸೆಂಬರ್ ೩ರಂದು ಮೂರು ಸರಕಾರಗಳೂ ಸೇರಿ ಹಳೆಯ ಗೆರೆಯನ್ನೇ ಕಾಯಂ ಮಾಡಿ ವರದಿಯನ್ನು ಮುಚ್ಚಿಟ್ಟುವು. ಅದು ಅಚ್ಚಾಗಿ ಹೊರಬಂದುದು ೧೯೬೯ರಲ್ಲಿ! ಯಾರ ಊರು ಎತ್ತ ಹೋಗಬೇಕೆಂದು ವಿಚಾರಮಾಡಿದ ಕಾಗದಗಳು ಆ ಊರಿನವರ ಕಣ್ಣಿಗೆ ಬೀಳುವುದಕ್ಕೆ ನಾಲ್ವತ್ತನಾಲ್ಕು ವರ್ಷಗಳು ಹಿಡಿದುವು.

ಬಹುಸಂಖ್ಯಾತರ ಮನಸ್ಸಿಗೆ ವಿರೋಧವಾಗಿ ಇಟ್ಟುಕೊಂಡ ಸೀಮೆಯನ್ನು ಆಳಬೇಕಾದರೆ ಮತ್ತೂ ಕೆಲವು ಗೆರೆಗಳು ಬೇಕಾಗುತ್ತವೆ. ೧೯೨೨ರಲ್ಲಿ ಸ್ಥಳಿಕ ಸಂಸ್ಥೆಗಳ ಪ್ರಮಾಣಾನುಸಾರ ಪ್ರಾತಿನಿಧ್ಯವನ್ನು ರದ್ದುಮಾಡಿದರು. ಮತಕ್ಷೇತ್ರಗಳ ಮೇರೆಗಳನ್ನು ಬದಲಿಸಿದರು. ತರುವಾಯ ನಾಲ್ಕು ದಶಕಗಳಿಗೂ ಮೀರಿ ಫರ್ಮಾನಾದ ಕೌನ್ಸಿಲು ಅಲ್ಪಸಂಖ್ಯಾತ ಪಕ್ಷದ ಕೈಯಲ್ಲಿಯೇ ಇತ್ತು. ಮನೆಗಳ ಹಂಚಿಕೆ, ನೌಕರಿಗಳ ನೇಮಣೂಕು, ರಸ್ತೆಯ ರಿಪೇರಿ ಎಲ್ಲವೂ ಕೌನ್ಸಿಲಿನ ಕೈಯಲ್ಲಿದ್ದುದರಿಂದ ಈ ಅನ್ಯಾಯವು ಬರಿಯ ಮತಗಳ ಲೆಕ್ಕದಲ್ಲಿ ಉಳಿಯಲಿಲ್ಲ. ಕ್ಷೇತ್ರಗಳ ಮೇರೆಗಳನ್ನು ಬೇಕೆಂದೇ ತಿರುಚಿದರೆಂಬ ದೂರುಗಳು ಹಲವೆಡೆ ನಿಜವೆಂದು ೧೯೬೯ರ ಕ್ಯಾಮರನ್ ಆಯೋಗವು ಒಪ್ಪಿಕೊಂಡಿತು. ಆ ಹೊತ್ತಿಗೆ ಬೀದಿಗಳಲ್ಲಿ ಬೆಂಕಿ ಹೊತ್ತಿತ್ತು.

ನೆಲದ ಮೇಲೆ ಗೆರೆಯು ಏನು ಮಾಡಿತೆಂಬುದನ್ನು ನೋಡಿರಿ. ಪೆಟ್ಟಿಗೋ ಎಂಬ ಹಳ್ಳಿಯ ನಡುವೆ ಹರಿಯುವ ಸಣ್ಣ ಹೊಳೆಯೇ ಗಡಿಯಾಗಿ ಹಳ್ಳಿಯ ಒಂದು ಭಾಗ ಡನಿಗಾಲ್ ಪಾಲಾಯಿತು, ಇನ್ನೊಂದು ಫರ್ಮಾನಾದಲ್ಲಿ ಉಳಿಯಿತು. ಮೊನಹನ್ ಸೀಮೆಗೆ ಸೇರಿದ ಡ್ರಮಲಿ ಎಂಬ ತುಂಡು ಫರ್ಮಾನಾದ ಹೊಟ್ಟೆಯೊಳಗೆ ಚಾಚಿಕೊಂಡಿದೆ. ಆ ಊರುಗಳವರು ತಮ್ಮದೇ ಕೌಂಟಿಗೆ ರಸ್ತೆಯಿಂದ ಹೋಗಬೇಕಾದರೆ ಪರರಾಜ್ಯವನ್ನು ದಾಟಬೇಕು. ಕ್ಲೋನ್ಸ್ ಪೇಟೆಯಿಂದ ಕ್ಯಾವನ್ನಿಗೆ ಹೋಗುವ ಹೆದ್ದಾರಿಯು ಕೆಲವೇ ಮೈಲುಗಳಲ್ಲಿ ನಾಲ್ಕು ಸಲ ಗಡಿಯನ್ನು ಹಾಯುತ್ತದೆ. ೧೯೨೩ರ ಏಪ್ರಿಲಿನಲ್ಲಿ ಸುಂಕದ ಕಟ್ಟೆಗಳು ಎದ್ದುವು. ಅಂದಿನವರೆಗೆ ಫರ್ಮಾನಾದ ಒಕ್ಕಲಿಗರು ಬೆಣ್ಣೆ, ತತ್ತಿ, ಕರುಗಳನ್ನು ಒಯ್ಯುತ್ತಿದ್ದ ಕ್ಲೋನ್ಸ್ ಪೇಟೆಯು ಒಂದೇ ರಾತ್ರಿಯಲ್ಲಿ ಪರದೇಶದ ಪೇಟೆಯಾಯಿತು. ೧೯೫೭ರಲ್ಲಿ ಸೀಮೆಯ ರೈಲುದಾರಿಗಳನ್ನು ಕಿತ್ತುಹಾಕಿದರು. ಅಂದಿನಿಂದ ಫರ್ಮಾನಾದಲ್ಲಿ ರೈಲಿಲ್ಲ. ಎರಡು ರಾಜ್ಯಗಳ ಅಂಚಿಗೆ ಬಿದ್ದ ಸೀಮೆಯು ಎರಡು ರಾಜಧಾನಿಗಳಿಗೂ ದೂರವಾಗುತ್ತದೆ. ಇದರಲ್ಲಿ ಕೆಥೊಲಿಕರ ಕರು, ಪ್ರಾಟೆಸ್ಟಂಟರ ಕರು ಎಂಬ ಭೇದವಿರಲಿಲ್ಲ. ನಷ್ಟವು ಇಬ್ಬರ ಹಟ್ಟಿಗೂ ಬಂದಿತು.

ನೀರು ಮಾತ್ರ ಗೆರೆಯನ್ನು ಒಪ್ಪಲಿಲ್ಲ. ಸರೋವರವಿರುವುದು ಒಂದು ರಾಜ್ಯದಲ್ಲಿ, ಅದರ ಹುಟ್ಟೂ ಅದರ ಬಾಯಿಯೂ ಇನ್ನೊಂದು ರಾಜ್ಯದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಕೆಳಗಣ ಎರ್ನ್ ಸರೋವರದ ಮೇಲೆ ಕಡಲವಿಮಾನಗಳ ನೆಲೆಯನ್ನು ಕಟ್ಟಿದರು. ಅಟ್ಲಾಂಟಿಕ್ ಸಮುದ್ರವು ಕೂಗಳತೆಯಲ್ಲಿದೆ. ನಡುವೆ ತಟಸ್ಥ ಐರ್ಲಂಡದ ಆ ಕೆಲವು ಮೈಲುಗಳು! ೧೯೪೧ರಲ್ಲಿ ಡಬ್ಲಿನ್ ಸರಕಾರವು ಬೆಲೀಕಿನಿಂದ ಬ್ಯಾಲಿಶಾನನ್ನಿನವರೆಗೆ ವಿಮಾನಗಳು ಹಾಯ್ದುಹೋಗಲು ಗುಟ್ಟಾಗಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಮೇ ೨೬ರಂದು ಜರ್ಮನರ ಬಿಸ್ಮಾರ್ಕ್ ಯುದ್ಧನೌಕೆಯನ್ನು ಪತ್ತೆಹಚ್ಚಿದ ವಿಮಾನವು ಈ ಸರೋವರದಿಂದ ಹಾರಿದುದೇ. ಅಲ್ಲಿಗೆ ನಿಲ್ಲಲಿಲ್ಲ. ಬ್ಯಾಲಿಶಾನನ್ನಿನ ಧುಮುಕಿನಿಂದ ವಿದ್ಯುತ್ತನ್ನು ತೆಗೆಯಬೇಕೆಂದು ದಕ್ಷಿಣದವರಿಗೆ ಬಯಕೆ; ಪ್ರವಾಹದಿಂದ ಹುಲ್ಲುಗಾವಲುಗಳನ್ನು ಉಳಿಸಬೇಕೆಂದು ಉತ್ತರದವರಿಗೆ ಬಯಕೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಂದ ಆಗದು. ಆದುದರಿಂದ ಒಬ್ಬರ ಮುಖವನ್ನೊಬ್ಬರು ನೋಡದಿದ್ದ ಎರಡು ಸರಕಾರಗಳು ೧೯೫೦ರಲ್ಲಿ ತಮ್ಮ ತಮ್ಮ ಶಾಸನಸಭೆಗಳಲ್ಲಿ ಎರ್ನ್ ನದಿಯ ಕಾಯದೆಯನ್ನು ಪಾಸುಮಾಡಿದುವು. ಡನಿಗಾಲಿನಲ್ಲಿ ಎರಡು ವಿದ್ಯುದಾಗಾರಗಳು ಎದ್ದುವು. ಫರ್ಮಾನಾದಲ್ಲಿ ನೀರಿನ ಮಟ್ಟವು ಹತೋಟಿಗೆ ಬಂದಿತು. ಮುಂದೆ ೧೯೯೪ರಲ್ಲಿ ಶಾನನ್ ನದಿಗೂ ಎರ್ನ್ ನದಿಗೂ ನಡುವಣ ಹಾಳುಬಿದ್ದ ಕಾಲುವೆಯನ್ನು ಮತ್ತೆ ತೆರೆದರು. ೨೦೦೮ರಲ್ಲಿ ಕುಲ್ಕಾ ಬೆಟ್ಟದ ಭೂವಿಜ್ಞಾನ ಉದ್ಯಾನವು ಕ್ಯಾವನ್ನಿಗೂ ಹಬ್ಬಿ, ಎರಡು ರಾಜ್ಯಗಳಲ್ಲಿ ಚಾಚಿಕೊಂಡ ಜಗತ್ತಿನ ಮೊದಲ ಅಂಥ ಉದ್ಯಾನವೆನಿಸಿತು.

ಇಷ್ಟರಿಂದ, ಪ್ರಕೃತಿಯೇ ಒಂದೆಂದ ನಾಡನ್ನು ಬಲಾತ್ಕಾರದಿಂದಲಾದರೂ ಒಂದುಮಾಡಬೇಕೆಂದು ಯಾರಾದರೂ ತೀರ್ಮಾನಿಸಿದರೆ ಅದು ನಮ್ಮ ಅಭಿಪ್ರಾಯವಲ್ಲ. ಹೊಳೆ ಬೆಟ್ಟಗಳು ಮತ ಹಾಕುವುದಿಲ್ಲ. ನಾನೂರು ವರ್ಷ ಒಂದು ದಂಡೆಯಲ್ಲಿ ಉತ್ತು ಬಿತ್ತಿದವನನ್ನು ಹೊರಗಿನವನೆನ್ನುವುದು ನ್ಯಾಯವಲ್ಲ. ಗಲಭೆಯ ಮೂವತ್ತು ವರ್ಷಗಳಲ್ಲಿ ಗಡಿಯಂಚಿನ ಪ್ರಾಟೆಸ್ಟಂಟ ಒಕ್ಕಲುಗಳು ಜೀವಭಯದಲ್ಲಿ ದಿನ ಕಳೆದುವು. ೧೯೮೭ರ ನವೆಂಬರ್ ೮ರಂದು ಎನ್ನಿಸ್ಕಿಲ್ಲನ್ನಿನಲ್ಲಿ ಯುದ್ಧಸ್ಮಾರಕದ ಬಳಿ ನೆರೆದ ಜನರ ನಡುವೆ ಸಿಡಿದ ಐ. ಆರ್. ಎ. ಬಾಂಬು ಹನ್ನೊಂದು ಜನರನ್ನು ಕೊಂದಿತು. ಅಲ್ಲಿ ತನ್ನ ಮಗಳನ್ನು ಕಳೆದುಕೊಂಡ ಗಾರ್ಡನ್ ವಿಲ್ಸನ್ ಎಂಬ ವರ್ತಕನು ಕೊಂದವರ ಮೇಲೆ ಹಗೆಯಿಲ್ಲವೆಂದನು. ಗಡಿಯಾಚೆಯ ಲೀಟ್ರಿಮಿನಲ್ಲಿ ಹುಟ್ಟಿ ಗಡಿಯೀಚೆ ಬದುಕಿದ ಈ ಪ್ರಾಟೆಸ್ಟಂಟನು ೧೯೯೩ರಲ್ಲಿ ಡಬ್ಲಿನ್ನಿನ ಸೆನೇಟಿನ ಸದಸ್ಯನಾದನು. ನಾಡನ್ನು ಹೊಲಿಯುವ ದಾರ ಇಂಥದು. ಬಾಂಬಿನಿಂದ ಆ ಕೆಲಸ ಆಗುವಂಥದಲ್ಲ.

ಕೊನೆಗೆ ದಾರಿ ತೆರೆದುದು ಜನರನ್ನು ಕೇಳಿದ ಮೇಲೆಯೇ. ೧೯೯೮ರ ಒಪ್ಪಂದವನ್ನು ಮೇ ೨೨ರಂದು ಗಡಿಯ ಎರಡೂ ಕಡೆಗಳಲ್ಲಿ ಜನಮತಕ್ಕಿಟ್ಟರು. ಉತ್ತರದಲ್ಲಿ ನೂರಕ್ಕೆ ೭೧, ದಕ್ಷಿಣದಲ್ಲಿ ೯೪ ಮತಗಳು ಪರವಾಗಿ ಬಿದ್ದುವು. ಎರಡೂ ಭಾಗಗಳ ಬಹುಮತದ ಸಮ್ಮತಿಯಿಲ್ಲದೆ ಐರ್ಲಂಡ ಒಂದಾಗದು, ಆ ಸಮ್ಮತಿಯಿದ್ದರೆ ಯಾರೂ ತಡೆಯಲಾಗದು ಎಂಬ ತತ್ತ್ವವು ಆಗ ನೆಲೆಗೊಂಡಿತು. ೧೯೭೨ರಲ್ಲಿ ಸಿಡಿಮದ್ದಿಗೆ ತುತ್ತಾಗಿದ್ದ ಅಗಲೇನ್ ಸೇತುವೆಯ ಸ್ಥಾನದಲ್ಲಿ ೧೯೯೯ರಲ್ಲಿ ಹೊಸ ಸೇತುವೆ ಬಂದಿತು. ಸೈನ್ಯದ ಚೌಕಿಗಳು ಹೋದುವು. ೨೦೧೬ರಲ್ಲಿ ಬ್ರಿಟನ್ನು ಯುರೋಪಿನ ಒಕ್ಕೂಟವನ್ನು ಬಿಡಲು ನಿಶ್ಚಯಿಸಿದಾಗ ಉತ್ತರ ಐರ್ಲಂಡದ ಬಹುಮತವು ಇದಕ್ಕೆ ವಿರೋಧವಾಗಿತ್ತು. ಸುಂಕದ ಕಟ್ಟೆಗಳು ಮರಳಿ ಬಂದಾವೆಂದು ಫರ್ಮಾನಾದ ಒಕ್ಕಲಿಗರು ಅಂಜಿದುದರಲ್ಲಿ ಸೋಜಿಗವಿಲ್ಲ. ಆ ಕಟ್ಟೆಗಳು ಮತ್ತೆ ಏಳದಂತೆ ನೋಡಿಕೊಳ್ಳುವುದು ಲಂಡನ್, ಡಬ್ಲಿನ್ ಎರಡರ ಹೊಣೆಯೂ ಆಗಿದೆ.

ನಮ್ಮ ಮಾತಿಗೆ ಬರೋಣ. ಕನ್ನಡ ನಾಡೂ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದೂ, ಜಮಖಂಡಿ, ರಾಮದುರ್ಗ, ಸಂಡೂರುಗಳಂಥ ಸಂಸ್ಥಾನಗಳೆಂದೂ ಹರಿದು ಹಂಚಿಹೋಗಿತ್ತು. ತುಂಗಭದ್ರೆಯ ಒಂದು ದಂಡೆಯ ಕನ್ನಡಿಗನು ನಿಜಾಮನ ಪ್ರಜೆ, ಎದುರು ದಂಡೆಯವನು ಮದರಾಸಿನ ಪ್ರಜೆ. ಆ ಹೊಳೆಗೆ ಕಟ್ಟೆ ಹಾಕಬೇಕಾದಾಗ ಎರಡು ಸರಕಾರಗಳು ೧೯೪೫ರಲ್ಲಿ ಕೂಡಿ ಅಸ್ತಿಭಾರವಿಡಬೇಕಾಯಿತು. ೧೯೫೬ರ ನವೆಂಬರ್ ೧ರಂದು ನಮ್ಮ ನಾಡಿನ ಬಹುಭಾಗವು ಒಂದಾಯಿತು, ಅದೂ ಗುಂಡಿನಿಂದಲ್ಲ, ಲೋಕಮತದಿಂದ. ಇದು ನಮ್ಮ ಭಾಗ್ಯ. ಆದರೂ ಅಂದು ಎಳೆದ ಗೆರೆಗಳ ಆಚೆ ಕಾಸರಗೋಡಿನಲ್ಲಿ ಕನ್ನಡಿಗರು ಉಳಿದರು. ಈಚೆ ಬೆಳಗಾವಿಯಲ್ಲಿ ಮರಾಠಿಗರು ಉಳಿದರು. ಬಹುಸಂಖ್ಯಾತರ ಇಚ್ಛೆಯನ್ನು ತುಳಿದ ಗೆರೆಯನ್ನು ಫರ್ಮಾನಾದಲ್ಲಿ ಖಂಡಿಸುವ ನಾವು, ಗೆರೆಯ ಈಚೆ ಉಳಿದ ಅಲ್ಪಸಂಖ್ಯಾತರ ಶಾಲೆ, ನುಡಿ, ನೌಕರಿಗಳ ವಿಷಯದಲ್ಲಿ ಅಲ್ಲಿಯ ಕೌನ್ಸಿಲಿನಂತೆ ನಡೆಯಲಾಗದು. ನಾವು ಕಾಸರಗೋಡಿನಲ್ಲಿ ಕೇಳುವ ನ್ಯಾಯವನ್ನು ಬೆಳಗಾವಿಯಲ್ಲಿ ಕೊಟ್ಟರೆ ಮಾತ್ರ ನಮ್ಮ ಬೇಡಿಕೆಗೆ ಬೆಲೆ ಬರುವುದು.